ಒಡ್ಡಿನ ಮೇಲಿನ ಸಂಜೆ: ಮಾದಪ್ಪನ ಬೆಟ್ಟದಿಂದ ಕಡಲಂಚಿನವರೆಗೆ

ಮಲೆ ಮಹದೇಶ್ವರ ಬೆಟ್ಟ, ಜನರ ಬಾಯಲ್ಲಿ ಮಾದಪ್ಪನ ಬೆಟ್ಟ, ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನ ಪೂರ್ವದ ಅಂಚಿನಲ್ಲಿದೆ. ಮೈಸೂರು ಸೀಮೆಯ ಬಯಲು ಇಲ್ಲಿಗೆ ಮುಗಿಯುತ್ತದೆ. ಮುಂದೆ ನೆಲ ಕಾವೇರಿ ಮತ್ತು ಪಾಲಾರ್ ಕಣಿವೆಗಳತ್ತ ಇಳಿಯುತ್ತ ತಮಿಳುನಾಡನ್ನು ಸೇರುತ್ತದೆ. ಜನಪದರ ಲೆಕ್ಕದಲ್ಲಿ ಇದು ಎಪ್ಪತ್ತೇಳು ಮಲೆಗಳ ನಾಡು. ಆನುಮಲೆ, ಜೇನುಮಲೆ, ಕಾನುಮಲೆ, ಪಚ್ಚೆಮಲೆ, ಪವಳಮಲೆ, ಪೊನ್ನಾಚಿಮಲೆ, ಕೊಂಗುಮಲೆ ಎಂದು ಹಾಡುಗಾರರು ಒಂದೊಂದನ್ನೂ ಹೆಸರಿಟ್ಟು ಕರೆಯುತ್ತಾರೆ. ಮಲೆಗಳ ಏಣುಗಳು ಕಣಿವೆಯ ಮೇಲೆ ಚಾಚಿಕೊಂಡ ಕಡೆ ರಂಗಸ್ವಾಮಿ ಒಡ್ಡು, ದೀಪದಗಿರಿ ಒಡ್ಡು ಮುಂತಾದ ಜಾಗಗಳಿವೆ. ಸಂಜೆ ಇಂಥ ಎತ್ತರದಲ್ಲಿ ನಿಂತವರಿಗೆ ಪಡುವಣದಲ್ಲಿ ಬೆಟ್ಟದ ಹಿಂದೆ ಬೆಟ್ಟ ನೀಲಿಯಾಗಿ ಕಾಣುತ್ತದೆ, ಕೊನೆಯ ಸಾಲಿನ ಹಿಂದೆ ಸೂರ್ಯ ಇಳಿಯುತ್ತಾನೆ. ಕಡಲ ತೀರದ ಬಂಡೆಗಳ ಮೇಲೆ ನಿಂತು ನೋಡುವ ಸೂರ್ಯಾಸ್ತಕ್ಕೆ ಕರ್ನಾಟಕದಲ್ಲಿ ಹೆಚ್ಚು ಹೆಸರಿದೆ. ಆದರೆ ಸಂಜೆಯ ಹೊತ್ತಿಗೆ ಎತ್ತರದ ಅಂಚೊಂದನ್ನು ಹತ್ತಿ, ಬೆಳಕು ಹೋಗುವುದನ್ನೂ ಬರುವುದನ್ನೂ ಸಾವಿರಾರು ಜನ ಕಲೆತು ನೋಡುವ ಸಂಪ್ರದಾಯ ಈ ಮಲೆಗಳಲ್ಲಿ ದೇವರ ಹೆಸರಿನಲ್ಲಿ ಬೆಳೆದು ಬಂದಿದೆ.

ಬೆಟ್ಟದ ಸಂಜೆಗೆ ತನ್ನದೇ ಲೆಕ್ಕವಿದೆ. ಮಹದೇಶ್ವರ ಬೆಟ್ಟ ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟವೂ ಹೆಚ್ಚುಕಡಿಮೆ ಅದೇ ಅಕ್ಷಾಂಶದಲ್ಲಿ, ನೇರ ಪಡುವಣಕ್ಕೆ, ಹಕ್ಕಿ ಹಾರುವ ದಾರಿಯಲ್ಲಿ ಐವತ್ತು ಕಿಲೋಮೀಟರಿಗಿಂತ ತುಸು ಕಡಿಮೆ ದೂರದಲ್ಲಿದೆ. ಹಾಗಾಗಿ ಹಗಲು ರಾತ್ರಿ ಸಮನಾಗುವ ಮಾರ್ಚ್ ಮತ್ತು ಸೆಪ್ಟೆಂಬರ್ ದಿನಗಳಲ್ಲಿ ಮಾದಪ್ಪನ ಬೆಟ್ಟದಿಂದ ನೋಡಿದರೆ ಸೂರ್ಯ ಮುಳುಗುವುದು ಬಿಳಿಗಿರಿಯ ದಿಕ್ಕಿಗೆ. ಯುಗಾದಿ ಜಾತ್ರೆಗೆ ಬಂದವರು ನೋಡುವುದು ಬಹುಪಾಲು ಇದೇ ಸಂಜೆಯನ್ನು. ಜೂನ್ ತಿಂಗಳಲ್ಲಿ ಸೂರ್ಯ ಅಲ್ಲಿಂದ ಸುಮಾರು 24 ಡಿಗ್ರಿ ಉತ್ತರಕ್ಕೂ ಡಿಸೆಂಬರಿನಲ್ಲಿ ಅಷ್ಟೇ ದಕ್ಷಿಣಕ್ಕೂ ಸರಿಯುತ್ತಾನೆ. ವರ್ಷದಲ್ಲಿ ಅತಿ ಬೇಗ ಹೊತ್ತು ಮುಳುಗುವುದು ನವೆಂಬರ್ ತಿಂಗಳಲ್ಲಿ, ಸಂಜೆ 5:50ರ ಆಸುಪಾಸಿಗೆ. ಕಡಲಂಚಿನಲ್ಲಿ ದಿಗಂತ ಮಟ್ಟಸವಾಗಿರುವುದರಿಂದ ಸೂರ್ಯನ ಬಿಂಬ ನೀರು ಮುಟ್ಟುವವರೆಗೂ ಕಾಣುತ್ತದೆ. ಬೆಟ್ಟದ ಸೀಮೆಯಲ್ಲಿ ಎದುರಿನ ಸಾಲು ಅಡ್ಡ ಬಂದು ಒಂದೆರಡು ನಿಮಿಷ ಮೊದಲೇ ಬಿಂಬವನ್ನು ಮರೆಮಾಡುತ್ತದೆ. ಭೂಮಧ್ಯರೇಖೆಗೆ ಹತ್ತಿರದ ನಾಡಾದ್ದರಿಂದ ಸೂರ್ಯ ಓರೆಯಾಗಿ ಜಾರದೆ ನೆಟ್ಟಗೆ ಇಳಿಯುತ್ತಾನೆ. ಮುಳುಗಿದ ಮೇಲೆ ಕಾಲುದಾರಿ ಕಣ್ಣಿಗೆ ಕಾಣುವಷ್ಟು ಬೆಳಕು ಉಳಿಯುವುದು ಇಪ್ಪತ್ತು ನಿಮಿಷಕ್ಕಿಂತ ತುಸು ಹೆಚ್ಚು, ಅಷ್ಟೇ. ಕಾಡಿನ ನಡುವೆ ನಡೆಯುವವರಿಗೆ ಈ ಇಪ್ಪತ್ತು ನಿಮಿಷ ಜೀವದ ಪ್ರಶ್ನೆಯಾಗಿತ್ತು.

ಮೋಟಾರು ದಾರಿ ಇಲ್ಲದ ಕಾಲದಲ್ಲಿ ಬೆಟ್ಟಕ್ಕೆ ಬರುವವರೆಲ್ಲ ನಡೆದೇ ಬರುತ್ತಿದ್ದರು. ಕೊಳ್ಳೇಗಾಲದಿಂದ ಹನೂರು, ರಾಮಾಪುರ, ಕೌದಳ್ಳಿ ಮಾರ್ಗವಾಗಿ ತಾಳಬೆಟ್ಟಕ್ಕೆ ಬಂದು, ಅಲ್ಲಿ ತೆಂಗಿನಕಾಯಿ ಒಡೆದು ಮಲೆ ಹತ್ತುವುದು ಒಂದು ದಾರಿ. ಕನಕಪುರದ ಕಡೆಯವರು ಕಾಡಿನಲ್ಲಿ ಇಳಿದು, ಕಾವೇರಿಯನ್ನು ಹಾಯ್ದು ಶಾಗ್ಯದ ಕಡೆಗೆ ಏರಿ ಬರುವುದು ಇನ್ನೊಂದು. ಶಿವರಾತ್ರಿಯ ಹೊತ್ತಿಗೆ ಈ ಎರಡೂ ದಾರಿಗಳಲ್ಲಿ ಇಂದಿಗೂ ಪಾದಯಾತ್ರಿಗಳು ಸಾಲುಗಟ್ಟುತ್ತಾರೆ. ತಾಳಬೆಟ್ಟದಿಂದ ಮೇಲಕ್ಕೆ ರಂಗಸ್ವಾಮಿ ಒಡ್ಡು, ಆನೆತಲೆ ದಿಂಬ ಎಂಬ ನೆಲೆಗಳು ನಡೆಯುವವರಿಗೆ ಗುರುತಿನ ಕಂಬಗಳಿದ್ದಂತೆ. ಹೊತ್ತು ಮುಳುಗುವ ಮೊದಲು ಯಾವ ನೆಲೆ ಮುಟ್ಟಬೇಕು, ಎಲ್ಲಿ ನೀರಿದೆ, ಎಲ್ಲಿ ಗುಂಪು ಕೂಡಿಕೊಳ್ಳಬೇಕು ಎಂಬುದು ಹಿರಿಯರಿಂದ ಕಿರಿಯರಿಗೆ ಬಂದ ತಿಳಿವಳಿಕೆ. ‘ಉಘೇ ಉಘೇ ಮಾದಪ್ಪ’ ಎಂಬ ಕೂಗು ಭಕ್ತಿಯ ಘೋಷವೆಂಬುದು ಎಲ್ಲರಿಗೂ ಗೊತ್ತು. ಕತ್ತಲ ಕಾಡಿನಲ್ಲಿ ಅದು ಹಿಂದೆ ಬಿದ್ದವರನ್ನು ಮುಂದಿನವರೊಡನೆ ಕಟ್ಟಿಹಾಕುವ ದನಿಯೂ ಹೌದು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಳ್ಳೇಗಾಲ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋಯಿತು. ಮರುವರ್ಷವೇ ಕಂಪನಿಯ ಪರವಾಗಿ ನಾಡಿನ ಕೃಷಿ, ವ್ಯಾಪಾರ, ಜನಜೀವನವನ್ನು ದಾಖಲಿಸಲು ಹೊರಟ ವೈದ್ಯ ಫ್ರಾನ್ಸಿಸ್ ಬುಕಾನನ್ ಕೊಳ್ಳೇಗಾಲ, ಹನೂರು, ಕೌದಳ್ಳಿಗಳನ್ನು ಹಾದು ಕಾವೇರಿಪುರದ ಘಟ್ಟ ಇಳಿದು ಕೊಯಮತ್ತೂರಿನತ್ತ ಹೋದ. 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾದ ಅವನ ಪ್ರವಾಸಕಥನ ಬೆಳೆ, ಕಂದಾಯ, ದನಕರು, ನೀರು ಇವುಗಳ ಲೆಕ್ಕದಿಂದ ತುಂಬಿದೆ. ಸಂಜೆಯ ಚೆಲುವಿಗಾಗಿ ಬೆಟ್ಟ ಹತ್ತುವ ಕಾಲ ಅದಲ್ಲ. ಘಟ್ಟವೆಂದರೆ ಹೇರೆತ್ತು ಮತ್ತು ದಂಡು ದಾಟಬೇಕಾದ ಕಷ್ಟದ ದಾರಿ, ಅದೂ ಬೆಳಕಿರುವಾಗಲೇ ದಾಟಬೇಕಾದದ್ದು.

ದನಗಾಹಿಗಳ ಸಂಜೆ ಇನ್ನೂ ಕಟ್ಟುನಿಟ್ಟು. ಆಲಂಬಾಡಿ ತಳಿಗೆ ಮಹದೇಶ್ವರ ಬೆಟ್ಟದ ದನ ಎಂಬ ಹೆಸರೂ ಇದೆ. ಮಲೆಯ ಮೇವಿಗೆ ಬೆಳೆದ ಗಟ್ಟಿ ಎತ್ತುಗಳು ಅವು. ಮೇವಿನ ಕಾಲದಲ್ಲಿ ದನ ಹೊಡೆದುಕೊಂಡು ಕಾಡಿಗೆ ಹೋದವರು ಮುಳ್ಳಿನ ಬೇಲಿ ಬಿಗಿದ ದೊಡ್ಡಿಗಳಲ್ಲಿ ಉಳಿಯುತ್ತಿದ್ದರು. ಈ ಸೀಮೆಯ ಎಷ್ಟೋ ಊರ ಹೆಸರುಗಳ ಕೊನೆಗೆ ‘ದೊಡ್ಡಿ’ ಉಳಿದಿರುವುದು ಆ ಬದುಕಿನ ಗುರುತು. ಹೊತ್ತಿಳಿಯುವ ಮುನ್ನ ದನ ಎಣಿಸಿ ಒಳಗೆ ಕೂಡಬೇಕು, ದೊಡ್ಡಿಯ ಬಾಯಿಗೆ ಬೆಂಕಿ ಹಾಕಬೇಕು. ಒಂದು ಕರು ಕಡಿಮೆಯಾದರೂ ಆ ರಾತ್ರಿ ನಿದ್ದೆಯಿಲ್ಲ. ಈ ಕಾಡಿನ ಆದಿವಾಸಿಗಳಾದ ಸೋಲಿಗರಿಗೆ ಕತ್ತಲು ಬೇರೊಂದು ಕೆಲಸದ ಹೊತ್ತು. ಎತ್ತರದ ಮರಗಳಲ್ಲಿ, ಬಂಡೆಯ ಕಿಬ್ಬಿಗಳಲ್ಲಿ ಕಟ್ಟಿದ ಹೆಜ್ಜೇನನ್ನು ಸಾಮಾನ್ಯವಾಗಿ ಹೊತ್ತು ಮುಳುಗಿದ ಮೇಲೆ, ಹೊಗೆ ಹಾಕಿ ಕೀಳುತ್ತಾರೆ. ಒಂದೇ ಬಂಡೆಯ ಅಂಚು ದನಗಾಹಿಗೆ ಬೆನ್ನು ತಿರುಗಿಸಿ ಬರಬೇಕಾದ ಜಾಗವಾದರೆ ಸೋಲಿಗನಿಗೆ ಹತ್ತಬೇಕಾದ ಜಾಗ.

ಮಾದಪ್ಪನ ಕಥೆ ಹುಟ್ಟಿದ್ದು ಇಂಥ ಜನರ ನಡುವೆ. ಹದಿನಾಲ್ಕು–ಹದಿನೈದನೆಯ ಶತಮಾನದ ಸಂತನೆಂದು ವಿದ್ವಾಂಸರು ಗುರುತಿಸುವ ಮಹದೇಶ್ವರ ಜನಪದ ಕಾವ್ಯದಲ್ಲಿ ಹುಲಿಯ ಮೇಲೆ ಸವಾರಿ ಮಾಡುವ ದೇವರು. ಕಾವ್ಯದಲ್ಲಿ ಶ್ರವಣನೆಂಬ ದೊರೆಯ ಸಂಹಾರದ ಕಥೆಯಿದೆ, ಸೋಲಿಗರ ನೀಲೇಗೌಡ ಮತ್ತು ಸಂಕಮ್ಮರ ಕಥೆಯಿದೆ, ಗುಡಿ ಕಟ್ಟಿಸಿದ ಆಲಂಬಾಡಿಯ ಜುಂಜೇಗೌಡನ ಕಥೆಯಿದೆ. ಇದನ್ನು ಹಾಡುವವರು ದೀಕ್ಷೆ ಪಡೆದ ದೇವರಗುಡ್ಡರು. ಅವರ ಕೈಯ ಕಂಚಿನ ತಾಳವೇ ಕಂಸಾಳೆ. ಹಾಡು ಶುರುವಾದರೆ ಬೆಳಗಿನವರೆಗೆ ನಡೆಯುತ್ತದೆ. 1970ರ ದಶಕದಲ್ಲಿ ಪಿ.ಕೆ. ರಾಜಶೇಖರ ಅವರು ಈ ಕಾವ್ಯವನ್ನು ಸಂಗ್ರಹಿಸಿ ಪುಸ್ತಕವಾಗಿ ಹೊರತಂದಾಗ ಕನ್ನಡದ ಓದುಗರಿಗೆ ಅದರ ಅಗಾಧ ವಿಸ್ತಾರ ತಿಳಿಯಿತು. ರಾತ್ರಿಯಿಡೀ ಹಾಡುವ ಪದ್ಧತಿಗೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಹುಲಿ ಓಡಾಡುವ ಹೊತ್ತಿನಲ್ಲಿ ಹೊರಗೆ ಉಳಿದವರು ಎಚ್ಚರವಾಗಿರಬೇಕು, ಒಟ್ಟಾಗಿರಬೇಕು. ಹುಲಿಯ ಮೇಲೆ ಕುಳಿತ ದೇವರನ್ನು ಹಾಡುತ್ತ ಎಚ್ಚರವಾಗಿರುವುದಕ್ಕಿಂತ ಧೈರ್ಯ ಕೊಡುವ ಉಪಾಯ ಇನ್ನೊಂದಿಲ್ಲ.

ಕಾಡು ದೇವರ ಸಂಚಾರದ ನೆಲವೆಂಬ ಇದೇ ನಂಬಿಕೆ ಬಿಳಿಗಿರಿಯಲ್ಲೂ ಬೇರೆ ರೂಪದಲ್ಲಿದೆ. ಅಲ್ಲಿ ರಂಗನಾಥನ ಗುಡಿ ಕಡಿದಾದ ಬಿಳಿ ಬಂಡೆಯ ಅಂಚಿನಲ್ಲಿ, ಸಮುದ್ರ ಮಟ್ಟದಿಂದ ಸುಮಾರು 5,000 ಅಡಿ ಎತ್ತರದಲ್ಲಿದೆ. ಬಯಲಿನ ಊರುಗಳಿಂದ ಕಾಣುವ ಆ ಬಂಡೆಯಿಂದಲೇ ಬೆಟ್ಟಕ್ಕೆ ಶ್ವೇತಾದ್ರಿ ಎಂಬ ಹೆಸರೂ ಬಂದಿದೆ. ಬೂದಿತಿಟ್ಟಿನ ಮಾದಿಗ ಕುಲದವರು ಎರಡು ವರ್ಷಕ್ಕೊಮ್ಮೆ ದೊಡ್ಡ ಚರ್ಮದ ಪಾದರಕ್ಷೆಗಳನ್ನು ಹೊಲಿದು ದೇವರಿಗೆ ಒಪ್ಪಿಸುತ್ತಾರೆ. ರಂಗಪ್ಪ ಅವನ್ನು ಮೆಟ್ಟಿಕೊಂಡು ಕಾಡೆಲ್ಲ ಸುತ್ತುತ್ತಾನೆ, ಆದ್ದರಿಂದಲೇ ಅವು ಸವೆಯುತ್ತವೆ ಎಂಬುದು ನಂಬಿಕೆ. ಸೋಲಿಗರ ಕುಸುಮಾಲೆಯನ್ನು ಮದುವೆಯಾದ ರಂಗಪ್ಪ ಸೋಲಿಗರಿಗೆ ಭಾವ. 1807ರಲ್ಲಿ ಯಳಂದೂರು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದಿತು. ಜಹಗೀರು ಯಾರದಾದರೂ ಕಾಡು ಮಾತ್ರ ಭಾವನದೇ ಎಂಬುದರಲ್ಲಿ ಸೋಲಿಗರಿಗೆ ಅನುಮಾನವಿರಲಿಲ್ಲ. ಎರಡೂ ಬೆಟ್ಟಗಳಲ್ಲಿ ತಿಳಿವಳಿಕೆ ಒಂದೇ: ಹಗಲು ಮನುಷ್ಯರ ಹೊತ್ತು, ಸಂಜೆಯ ನಂತರದ ಕಾಡು ದೇವರದು ಮತ್ತು ಮೃಗದ್ದು.

ಈ ತಿಳಿವಳಿಕೆಯಿಂದಲೇ ಸಂಜೆಯ ದೊಡ್ಡ ಆಚರಣೆ ಅರ್ಥವಾಗುತ್ತದೆ. ಕಾರ್ತಿಕ ಮಾಸದ ಕೊನೆಯ ಸೋಮವಾರ ಮಹದೇಶ್ವರ ಬೆಟ್ಟದ ದೀಪದಗಿರಿ ಒಡ್ಡಿನಲ್ಲಿ ಮಹಾಜ್ಯೋತಿ ಬೆಳಗಿಸುತ್ತಾರೆ. ಬೆಟ್ಟದ ಪೂಜೆಯ ಹಕ್ಕು ಬೇಡಗಂಪಣ ಸಮುದಾಯದ್ದು. ಗುಡಿಯಲ್ಲಿ ಪೂಜೆಯಾಗಿ, ಮೆರವಣಿಗೆ ಹೊರಟು, ಕತ್ತಲಾವರಿಸುವ ಹೊತ್ತಿಗೆ ಒಡ್ಡಿನ ಮೇಲೆ ಜ್ಯೋತಿ ಕಾಣಿಸಿಕೊಳ್ಳುತ್ತದೆ. ನವೆಂಬರ್–ಡಿಸೆಂಬರಿನಲ್ಲಿ ಬರುವ ಈ ದಿನ ವರ್ಷದ ಅತಿ ಬೇಗ ಕತ್ತಲಾಗುವ ಸಂಜೆಗಳ ನಡುವೆಯೇ ಬೀಳುತ್ತದೆ. ಬೆಳಕು ಎಲ್ಲಕ್ಕಿಂತ ಬೇಗ ಕೈಬಿಡುವ ತಿಂಗಳಲ್ಲಿ, ಎಲ್ಲಕ್ಕಿಂತ ಎದ್ದು ಕಾಣುವ ಜಾಗದಲ್ಲಿ ದೀಪ. ಪಂಚಾಂಗ ಹಾಕಿದವರು ಸೂರ್ಯಾಸ್ತದ ಗಳಿಗೆಯನ್ನು ಬಲ್ಲವರು, ದೀಪದ ಜಾಗ ಆರಿಸಿದವರು ಮಲೆಯ ಕಣ್ಣಳತೆಯನ್ನು ಬಲ್ಲವರು. ಇದಕ್ಕೆ ಸುಮಾರು ನಾಲ್ಕು ವಾರ ಮೊದಲು ದೀಪಾವಳಿ ಜಾತ್ರೆ ನಡೆದಿರುತ್ತದೆ. ಆಗ ಬೇಡಗಂಪಣರ ಹೆಣ್ಣುಮಕ್ಕಳು ಹಳ್ಳದ ನೀರನ್ನು ಕಳಶಗಳಲ್ಲಿ ಹೊತ್ತು ತರುವ ಹಾಲರವಿ ಉತ್ಸವ, ಎಣ್ಣೆಮಜ್ಜನ, ತೇರು ಎಲ್ಲವೂ ಸೇರುತ್ತವೆ. ಅವುಗಳಿಗೆ ಹೋಲಿಸಿದರೆ ಮಹಾಜ್ಯೋತಿಯಲ್ಲಿ ಮಾಡುವ ಕೆಲಸ ಕಡಿಮೆ, ನೋಡುವುದೇ ಹೆಚ್ಚು. ನೋಟವೇ ಸೇವೆಯಾದ ಉತ್ಸವ ಇದು.

ಕಡಲಂಚಿನ ಬಂಡೆಗಳ ಇತಿಹಾಸವೂ ಕಾವಲು ಮತ್ತು ದೀಪಗಳಿಂದಲೇ ಶುರುವಾಗುತ್ತದೆ. ಕರಾವಳಿಯ ಕೆಂಪು ಮುರಕಲ್ಲಿಗೆ ಭೂವಿಜ್ಞಾನದಲ್ಲಿ ಲ್ಯಾಟರೈಟ್ ಎಂಬ ಹೆಸರು ಕೊಟ್ಟವನು ಕೌದಳ್ಳಿಯ ದಾರಿಯಲ್ಲಿ ನಡೆದುಹೋದ ಅದೇ ಬುಕಾನನ್, ಅದೇ 1807ರ ಪುಸ್ತಕದಲ್ಲಿ. ಹದಿನೇಳನೆಯ ಶತಮಾನದ ನಡುವೆ ಕೆಳದಿಯ ಶಿವಪ್ಪನಾಯಕ ಇಂಥದೇ ಕಲ್ಲಿನಿಂದ ಕಾಸರಗೋಡಿನ ಬಳಿ ಬೇಕಲ ಕೋಟೆ ಕಟ್ಟಿಸಿದ. ಕಡಲಿಗೆ ಚಾಚಿದ ನೆಲದ ಮೇಲೆ ಸುಮಾರು 40 ಎಕರೆ ಹರಡಿದ ಈ ಕೋಟೆಯ ಕೊತ್ತಲಗಳ ಕಂಡಿಗಳು ಪಡುವಣ ಕಡಲನ್ನೇ ನೋಡುತ್ತಿವೆ. ಹಡಗು ಬರುವುದು ಆ ಕಡೆಯಿಂದ, ಹಗೆ ಬರುವುದೂ ಆ ಕಡೆಯಿಂದ. ಉಡುಪಿ ಜಿಲ್ಲೆಯ ಕಾಪುವಿನಲ್ಲಿ ದಡದ ಬಂಡೆಯ ಮೇಲೆ 1901ರಲ್ಲಿ ದೀಪಸ್ತಂಭ ಎದ್ದಿತು. ಸುಮಾರು 27 ಮೀಟರ್ ಎತ್ತರದ ಆ ಸ್ತಂಭದ ತುದಿಯಿಂದ ಕಡಲು ಸುಮಾರು 20 ಕಿಲೋಮೀಟರ್ ದೂರದವರೆಗೆ ಕಾಣುತ್ತದೆ. ಅಲ್ಲಿನ ಕಾವಲುಗಾರನಿಗೆ ಸೂರ್ಯಾಸ್ತವೆಂದರೆ ದೀಪ ಹೊತ್ತಿಸುವ ಗಳಿಗೆ. ಇಂದು ಬೇಕಲದ ಕೊತ್ತಲದ ಮೇಲೂ ಕಾಪುವಿನ ಬಂಡೆಯ ಮೇಲೂ ಸಂಜೆ ಜನ ಕಿಕ್ಕಿರಿಯುತ್ತಾರೆ. ಸಂಜೆ ನೋಡಲು ಒಳ್ಳೆಯ ಜಾಗವೆಂದು ಇವನ್ನು ಆರಿಸಿದವರು ಪ್ರವಾಸಿಗರಲ್ಲ. ಸಿಪಾಯಿ ಮತ್ತು ದೀಪಗಾರ ಮೊದಲೇ ಆರಿಸಿಟ್ಟಿದ್ದರು.

ಹಾಗಾದರೆ ಬರಿಯ ನೋಟಕ್ಕಾಗಿ ಸಂಜೆಯ ಅಂಚಿಗೆ ಹೋಗುವ ಪದ್ಧತಿ ಕನ್ನಡ ನಾಡಿಗೆ ಯಾವಾಗ ಬಂತು? ಸಂಜೆಯನ್ನು ವರ್ಣಿಸುವುದು ಹೊಸದಲ್ಲ. ಚಂಪೂ ಕಾವ್ಯಗಳಲ್ಲಿ ಸೂರ್ಯಾಸ್ತದ ವರ್ಣನೆ ಕವಿ ಸಲ್ಲಿಸಲೇಬೇಕಾದ ಕಪ್ಪ. ಆದರೆ ಆ ವರ್ಣನೆ ಬಹುಮಟ್ಟಿಗೆ ಕಾವ್ಯದ ಕಟ್ಟಳೆಗೆ ಸೇರಿದ್ದು, ಇಂಥ ಬಂಡೆಯ ಮೇಲೆ ಕೂತು ಕಂಡದ್ದೆಂದು ಹೇಳುವಂಥದ್ದಲ್ಲ. ಮಡಿಕೇರಿಯ ರಾಜಾಸೀಟಿನಲ್ಲಿ ಕೊಡಗಿನ ಅರಸರು ಸಂಜೆ ಕಳೆಯುತ್ತಿದ್ದರೆಂದು ಹೇಳಿಕೆಯಿದೆ. ಅದು 1834ರಲ್ಲಿ ಕೊಡಗು ಬ್ರಿಟಿಷರ ವಶವಾಗುವ ಮೊದಲಿನ ಮಾತು, ಅದೂ ಅರಸರಿಗೆ ಮಾತ್ರ ಸಂದ ಸುಖ. ಹತ್ತೊಂಬತ್ತನೆಯ ಶತಮಾನದಲ್ಲಿ ಬೇಟೆ, ಆನೆ ಹಿಡಿಯುವುದು, ಕಾಫಿ ಬೆಳೆಯುವುದು ಎಂದು ಯುರೋಪಿಯನ್ನರು ಬಿಳಿಗಿರಿಯ ಸುತ್ತ ನೆಲೆಸಿದರು. ಚಾಮರಾಜನಗರದ ಬಳಿ 1874ರಲ್ಲಿ ಆನೆ ಹಿಡಿಯುವ ಖೆಡ್ಡಾ ನಡೆಸಿದ ಜಿ.ಪಿ. ಸ್ಯಾಂಡರ್ಸನ್ 1878ರಲ್ಲಿ ತನ್ನ ಕಾಡಿನ ಅನುಭವಗಳನ್ನು ಪುಸ್ತಕವಾಗಿ ಪ್ರಕಟಿಸಿದ. ಬಂಗಲೆಯ ಜಗಲಿಯಿಂದ ಮಲೆಯನ್ನು ನೋಟವಾಗಿ ನೋಡುವ ಅಭ್ಯಾಸ ಈ ವರ್ಗದ ಜೊತೆ ಬಂತು.

ಕನ್ನಡಿಗರು ಅದನ್ನು ತಮ್ಮದಾಗಿಸಿಕೊಂಡದ್ದು ಇಪ್ಪತ್ತನೆಯ ಶತಮಾನದಲ್ಲಿ, ಮುಖ್ಯವಾಗಿ ಕುವೆಂಪು ಅವರ ಬರಹದಿಂದ. ಕುಪ್ಪಳಿಯ ಕವಿಶೈಲ ಒಂದು ಬಂಡೆಗಲ್ಲಿನ ನೆತ್ತಿ, ಪಡುವಣಕ್ಕೆ ಸಹ್ಯಾದ್ರಿಯ ಸಾಲುಗಳು. ಬಿ.ಎಂ. ಶ್ರೀಕಂಠಯ್ಯ ಮತ್ತು ಟಿ.ಎಸ್. ವೆಂಕಣ್ಣಯ್ಯನವರು ಅಲ್ಲಿಗೆ ಬಂದದ್ದರ ನೆನಪಾಗಿ ಅವರ ಹೆಸರಿನ ಅಕ್ಷರಗಳನ್ನು ಬಂಡೆಯಲ್ಲಿ ಕೆತ್ತಲಾಗಿದೆ. ಸೂರ್ಯಾಸ್ತಕ್ಕೆ ಮೈಮರೆತು ಕೂರುವುದು ಓದಿದ ಕನ್ನಡಿಗನಿಗೆ ಗೌರವದ ಕೆಲಸವಾಗಿ ಕಂಡದ್ದು ಆ ಪೀಳಿಗೆಯಿಂದ. ಆಮೇಲೆ ರಸ್ತೆ, ಬಸ್ಸು, ಶಾಲೆಯ ಪ್ರವಾಸ ಬಂದವು. ಆಗುಂಬೆಯ ಘಾಟಿ ಅಂಚಿನಲ್ಲಿ, ತಿಳಿ ಹವೆಯ ದಿನ ಅರಬ್ಬೀ ಕಡಲು ಮಿನುಗುವಲ್ಲಿ, ಸೂರ್ಯಾಸ್ತ ನೋಡುವ ಕಟ್ಟೆ ಬಂತು. ಬೈಂದೂರಿನ ಬಳಿ ಕಡಲ ಮೇಲೆ ನಿಂತ ಒತ್ತಿನೆಣೆ ಗುಡ್ಡದಲ್ಲಿ ಅರಣ್ಯ ಇಲಾಖೆಯ ಕ್ಷಿತಿಜ ನೇಸರಧಾಮ ಎದ್ದಿತು. ನೇಸರನ ಹೆಸರನ್ನೇ ಹೊತ್ತ ಈ ತಾಣದಲ್ಲಿ ಕಾವಲೂ ಇಲ್ಲ, ದೇವರ ಜ್ಯೋತಿಯೂ ಇಲ್ಲ, ನೋಟವೊಂದೇ ಉದ್ದೇಶ.

1956ರ ನವೆಂಬರ್ 1 ಮಾದಪ್ಪನ ಮಲೆ ಮತ್ತು ಬೇಕಲದ ಕಡಲಂಚು ಎರಡರ ಪಾಲಿಗೂ ದೊಡ್ಡ ದಿನ. ಅಂದು ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು. ಅಂದೇ ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು, ಬೇಕಲದ ಸಮೇತ, ಕೇರಳಕ್ಕೆ ಹೋಯಿತು. ಮಾದಪ್ಪನ ಮಲೆ ಕನ್ನಡದ ಆಡಳಿತಕ್ಕೆ ಸೇರಿತು, ಶಿವಪ್ಪನಾಯಕನ ಕೋಟೆ ಹೊರಗುಳಿಯಿತು. ಕೋಟೆಗೆ ಆಮೇಲೆ ಸಿನಿಮಾದಿಂದ ಹೊಸ ಹೆಸರು ಬಂತು. 1995ರ ‘ಬಾಂಬೆ’ ಚಿತ್ರದ ಹಾಡೊಂದರಲ್ಲಿ ಅದರ ಗೋಡೆಗಳನ್ನೂ ಕಡಲನ್ನೂ ದೇಶವೇ ನೋಡಿತು.

ಅದೇ ವರ್ಷಗಳಲ್ಲಿ ಮಹದೇಶ್ವರ ಬೆಟ್ಟದ ಸಂಜೆಗಳು ಭಯದಲ್ಲಿ ಮುಳುಗಿದ್ದವು. ಬೆಟ್ಟದಾಚೆಯ ಗೋಪಿನಾಥಂ ಕಾಡುಗಳ್ಳ ವೀರಪ್ಪನ್‌ನ ಊರು. 1991ರ ನವೆಂಬರ್ 10ರಂದು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವನ ಕೈಯಲ್ಲಿ ಕೊಲೆಯಾದರು. 1992ರಲ್ಲಿ ರಾಮಾಪುರದ ಪೊಲೀಸ್ ಠಾಣೆಯ ಮೇಲೆ ದಾಳಿಯಾಯಿತು. ಅದೇ ವರ್ಷ ಆಗಸ್ಟ್ 14ರಂದು ಮಿಣ್ಯಂ ಬಳಿ ಪೊಲೀಸ್ ವರಿಷ್ಠಾಧಿಕಾರಿ ಹರಿಕೃಷ್ಣ ಮತ್ತು ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹ್ಮದ್ ಹತರಾದರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿಯ ನೆಲಬಾಂಬ್ ಸ್ಫೋಟದಲ್ಲಿ 22 ಜನ ಸತ್ತರು. ದೇವರಿಗೂ ಮೃಗಕ್ಕೂ ಬಿಟ್ಟುಕೊಟ್ಟಿದ್ದ ಕತ್ತಲಿಗೆ ಬಂದೂಕು ಹಿಡಿದವರು ಬಂದು ಸೇರಿದ್ದರು. ಕಾಡಂಚಿನ ಹಳ್ಳಿಯವರು ಒಂದು ಕಡೆ ಅವನಿಗೂ ಇನ್ನೊಂದು ಕಡೆ ಹುಡುಕುವವರಿಗೂ ಹೆದರಿ ಬದುಕಿದರು. ಜಾತ್ರೆಗಳು ಮಾತ್ರ ನಿಲ್ಲಲಿಲ್ಲ. 2004ರ ಅಕ್ಟೋಬರ್ 18ರಂದು ವೀರಪ್ಪನ್ ಸತ್ತ ಮೇಲೆ ಈ ಭಯ ಕರಗಿತು.

ಆಮೇಲಿನ ಎರಡು ದಶಕಗಳಲ್ಲಿ ಬೆಟ್ಟಕ್ಕೆ ನೋಟಕ್ಕಾಗಿಯೇ ಬರುವವರು ಹೆಚ್ಚಿದರು. ನಾಗಮಲೆಗೆ ಚಾರಣ ಹೋಗುವ ಯುವಕರಲ್ಲಿ ಹರಕೆ ಹೊತ್ತವರೂ ಇದ್ದರು, ಕ್ಯಾಮೆರಾ ಹೊತ್ತವರೂ ಇದ್ದರು. 2013ರಲ್ಲಿ ಇಲ್ಲಿನ ಸುಮಾರು 906 ಚದರ ಕಿಲೋಮೀಟರ್ ಕಾಡು ವನ್ಯಜೀವಿಧಾಮವಾಯಿತು. 2023ರ ಮಾರ್ಚ್ 18ರಂದು ದೀಪದಗಿರಿ ಒಡ್ಡಿನ ಮೇಲೆ ಹುಲಿ ಏರಿದ ಮಹದೇಶ್ವರನ 108 ಅಡಿ ಎತ್ತರದ ಪ್ರತಿಮೆ ಲೋಕಾರ್ಪಣೆಗೊಂಡಿತು. ವರ್ಷಕ್ಕೊಮ್ಮೆ ಜ್ಯೋತಿಗಾಗಿ ಜನ ಕತ್ತೆತ್ತಿ ನೋಡುತ್ತಿದ್ದ ಒಡ್ಡು ಈಗ ದಿನವೂ ಜನ ಹೋಗಿ ನಿಲ್ಲುವ ತಾಣ.

ಹಳೆಯ ಸಂಜೆಯ ಕಷ್ಟಗಳು ಮಾತ್ರ ಮುಗಿದಿಲ್ಲ. 2025ರ ಜೂನ್ ತಿಂಗಳಲ್ಲಿ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ ಮತ್ತು ನಾಲ್ಕು ಮರಿಗಳು ವಿಷ ಬೆರೆತ ಹಸುವಿನ ಕಳೇಬರ ತಿಂದು ಸತ್ತವು. ಹುಲಿಯ ಮೇಲೆ ಕುಳಿತ ದೇವರ ಮಲೆಯಲ್ಲಿ ಹೀಗಾದದ್ದು ನಾಡಿಗೆಲ್ಲ ನೋವು ತಂದಿತು. ಕಾಡಿನಲ್ಲಿ ಮೇಯಲು ಹೋದ ದನ, ಅದನ್ನು ಹಿಡಿಯುವ ಹುಲಿ, ಸೇಡಿಗೆ ಇಟ್ಟ ವಿಷ: ದೊಡ್ಡಿಯ ಬಾಯಿಗೆ ಬೆಂಕಿ ಹಾಕಿ ಕಾಯುತ್ತಿದ್ದ ಕಾಲದ ತಿಕ್ಕಾಟವೇ ಇದು. ಆಗ ಇಬ್ಬರಿಗೂ ಜಾಗವಿತ್ತು. ಈಗ ಉಳಿದಿರುವ ಜಾಗ ಕಡಿಮೆ.

ಕಾರ್ತಿಕದ ಜ್ಯೋತಿಯನ್ನಾಗಲಿ ಮಾರ್ಚ್ ಸಂಜೆಯನ್ನಾಗಲಿ ನೋಡಲು ಒಡ್ಡಿಗೆ ಬರುವವರು ಈ ಮಲೆಯ ಹಳೆಯ ಕಟ್ಟಳೆಯೊಂದನ್ನು ಇಂದಿಗೂ ಪಾಲಿಸಬೇಕು: ಬೆಳಕಿರುವಾಗಲೇ ನೆಲೆ ಸೇರಿಕೊಳ್ಳಿ. ತಾಳಬೆಟ್ಟದಿಂದ ಬೆಟ್ಟದವರೆಗಿನ ದಾರಿ ಕಾಡಿನ ನಡುವೆಯೇ ಹೋಗುತ್ತದೆ, ಕತ್ತಲಾದ ಮೇಲೆ ಅದನ್ನು ಆನೆಗಳು ದಾಟುತ್ತವೆ.